ವಿಭೂತಿ ಹಚ್ಚಿದ ಕಂಬ

ಒಂದು ಕೆಲಸದಲ್ಲಿ ನೆಟ್ಟಗೆ ನಿಲ್ಲದ ನಾನು, ಹೊಲಗಳಲ್ಲಿ ಕಂಬ ನೆಡುವ ಕೆಲಸ ಹಿಡಿದು ಘೋಡಗೇರಿಗೆ ಹೋಗಿದ್ದೆ. ಕಂಬ ಮಣ್ಣಿನ ಹಸಿ ಅಳೆಯುತ್ತದೆ. ಅದನ್ನು ನೋಡಿ ಎಐ ಮೊಬೈಲಿನಲ್ಲಿ ನೀರು ಯಾವಾಗ ಬಿಡಬೇಕೆಂದು ಹೇಳುತ್ತದೆ. ಹೊಲದೊಡತಿ ಶಾಂತವ್ವ ಅನುಮಾನಪಟ್ಟಾಗ, "ದೇವರನ್ನ ನಂಬಿದಂಗ ನಂಬ್ರಿ ಅವ್ವಾರ, ಇದಕ್ಕ ಎಲ್ಲಾ ಗೊತ್ತಾಗತೈತಿ" ಅಂದಿದ್ದೆ.

ಮುಂದಿನ ತಿಂಗಳು ಹೋದರೆ ಅರಿಷಿಣದ ಎಲೆ ಸುರುಳಿ ಸುತ್ತಿ ಒಣಗುತ್ತಿತ್ತು. ಬಾವಿಯಲ್ಲಿ ನೀರೇನೋ ಇತ್ತು.

"ಹೊಲಾ ಹಸಿ ಐತಿ, ನೀರ ಬ್ಯಾಡ ಅಂತ ಮೊಬೈಲ್ ದಿನಾ ಹೇಳತೈತಿ ತಮ್ಮಾ," ಎಂದರು ಶಾಂತವ್ವ.

ಕಂಬದ ಹತ್ತಿರ ಹೋದೆ. ಮೈತುಂಬ ವಿಭೂತಿ, ತಲೆಯ ಮೇಲೆ ದಾಸವಾಳ, ಬುಡದಲ್ಲಿ ಕೆಸರು.

"ಇಲ್ಲಿ ನೀರ ಯಾರ ಹಾಕಿದ್ರಿ?"

"ನಾನ. ದಿನಾ ಜಳಕಾ ಮಾಡಿ ಒಂದ ತಂಬಗಿ ಹಾಕಿ ಕೈ ಮುಗಿತೇನಿ. ನೀನ ಅಂದಿದ್ದೆಲ್ಲೊ, ದೇವರಂಗ ನಂಬ್ರಿ ಅಂತ."

ಆ ತಂಬಿಗೆ ನೀರನ್ನೇ ಯಂತ್ರ ಇಡೀ ಹೊಲದ ಹಸಿ ಎಂದುಕೊಂಡಿತ್ತು. ಹೇಳಿದೆ. ಅವರು ಬೈಯಲಿಲ್ಲ.

"ಎಲ್ಲಾ ಗೊತ್ತಾಗೂ ಯಂತ್ರಕ್ಕ ನನ್ನ ತಂಬಗಿ ಗೊತ್ತಾಗಲಿಲ್ಲೇನು?"

ಪಂಪು ಚಾಲೂ ಮಾಡಿ ಸಂಜೆತನಕ ನಾನೇ ನೀರು ಹಾಯಿಸಿದೆ.

ಈಗ ಕಂಬ ನೆಟ್ಟಲ್ಲೆಲ್ಲ, "ನನ್ನ ಎಷ್ಟ ನಂಬ್ತೀರಿ, ಇದನ್ನೂ ಅಷ್ಟ ನಂಬ್ರಿ" ಅನ್ನುತ್ತೇನೆ. ಜನ ನನ್ನ ಮುಖ ನೋಡಿ, ಆ ಕೂಡಲೇ ಬಗ್ಗಿ ಮಣ್ಣು ಮುಟ್ಟುತ್ತಾರೆ.