ಕೋಡುಬಳೆಯ ಮತಪೆಟ್ಟಿಗೆ

ಕುಸುಮಾ ಆಂಟಿ, ಆ ವಿಡಿಯೋ ತೆಗೆದವಳು ನಾನು. ಅದನ್ನು ಕತ್ತರಿಸಿ ಕಳಿಸಿದವಳೂ ನಾನೇ. ನೀವು ಫೋನ್ ಮಾಡಿ ಕೇಳಿದಾಗ ಇಲ್ಲ ಎಂದು ಹೇಳಿ, ಫೋನ್ ಇಟ್ಟ ಮೇಲೆ ಪೂರ್ತಿ ವಿಡಿಯೋ ಅಳಿಸಿಹಾಕಿದವಳೂ ನಾನೇ — ವಿನುತಾ ಅಲ್ಲ.

ಇಷ್ಟು ಬರೆಯಲು ಐದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಇದರ ಪ್ರತಿಯನ್ನು ನಮ್ಮ ಹಳೆಯ ಕನ್ನಡ ಗ್ರೂಪಿಗೂ ಹಾಕುತ್ತೇನೆ. ಆಗ ಅಲ್ಲಿ ಇಲ್ಲದವರಿಗೂ ತಿಳಿಯಲಿ ಎಂದು, ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ — ಅಯ್ಯೋ, ಎಂಥ ಮಾತು ಬರೆದೆ. ಮಾಡಿಕೊಳ್ಳಿ ಆಂಟಿ.

ಎರಡು ಸಾವಿರದ ಇಪ್ಪತ್ತರ ನವರಾತ್ರಿ. ರಾಲಿ ನಗರದ ಹೊರಗಿನ ನಿಮ್ಮ ಮನೆಯಲ್ಲಿ ಪ್ರತಿವರ್ಷ ಹಾಲ್‌ನಲ್ಲಿ ಕೂರುತ್ತಿದ್ದ ಗೊಂಬೆಗಳು ಕೋವಿಡ್ ದೆಸೆಯಿಂದ ಆ ವರ್ಷ ಗ್ಯಾರೇಜಿನಲ್ಲಿ ಕೂತವು. ಜನ ಒಳಗೆ ಬರುವ ಹಾಗಿಲ್ಲ, ಡ್ರೈವ್‌ವೇಯಲ್ಲೇ ನಿಂತು ನೋಡಿಕೊಂಡು ಹೋಗಲಿ ಎಂದು ನೀವು ಕಾರುಗಳನ್ನು ರಸ್ತೆಗೆ ಹಾಕಿ, ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿದ್ದಿರಿ. ಮೇಲೆ ಪಟ್ಟದ ಗೊಂಬೆ. ಕೆಳಗೆ, ಯಾವಾಗಲೂ ಹುಲ್ಲು, ಮರ ಇಟ್ಟು ಗೊಂಬೆಗಳ ಪಾರ್ಕು ಮಾಡುತ್ತಿದ್ದ ಜಾಗದಲ್ಲಿ, ಈ ಸಲ ಪೋಲಿಂಗ್ ಸ್ಟೇಷನ್. ಚನ್ನಪಟ್ಟಣದ ಗೊಂಬೆಗಳೆಲ್ಲ ಬಟ್ಟೆಯ ಮಾಸ್ಕ್ ಹಾಕಿಕೊಂಡು ದೂರ ದೂರ ಸಾಲು ನಿಂತಿದ್ದವು. ಅಂಗಡಿ ಇಟ್ಟುಕೊಂಡು ಕೂರಬೇಕಾದ ಶೆಟ್ಟಿ ಶೆಟ್ಟಮ್ಮ ಮೇಜಿನ ಹಿಂದೆ ಚುನಾವಣಾ ಅಧಿಕಾರಿಗಳಾಗಿದ್ದರು. ಪಕ್ಕದಲ್ಲಿ ಮೇಲೆ ಸೀಳು ಕೊರೆದ ಒಂದು ಶೂ ಡಬ್ಬ, ಅದರ ಮೇಲೆ ನಿಮ್ಮ ದುಂಡು ಅಕ್ಷರದಲ್ಲಿ ‘ಮತಪೆಟ್ಟಿಗೆ’ ಎಂದು ಬರೆದಿತ್ತು.

ಪೆಟ್ಟಿಗೆ ಮಕ್ಕಳಿಗಾಗಿ. ಬೊಂಬೆ ಬಾಗಿನಕ್ಕೆ ಕೋಡುಬಳೆ ಬೇಕೋ, ರವೆ ಉಂಡೆ ಬೇಕೋ, ಚೀಟಿ ಬರೆದು ಹಾಕಬೇಕು. ಗೆದ್ದದ್ದನ್ನು ವಿಜಯದಶಮಿಯ ದಿನ ನೀವು ಮಾಡಿ ಎಲ್ಲರ ಬಾಗಿಲಲ್ಲಿ ಇಟ್ಟು ಬರುತ್ತೀರಿ. ಹೊರಗೆ ಬರಲು ಹೆದರಿದ ಮನೆಗಳ ಮಕ್ಕಳು ಫೋನಿನಲ್ಲಿ ಹೇಳುತ್ತಿದ್ದರು, ನೀವು ಅವರ ಹೆಸರಿನಲ್ಲಿ ಚೀಟಿ ಬರೆದಿಟ್ಟುಕೊಳ್ಳುತ್ತಿದ್ದಿರಿ.

ಆ ಶನಿವಾರ ಮಧ್ಯಾಹ್ನ ನೀವು, ಚುನಾವಣೆಯ ದಿನಕ್ಕೆ ಮೊದಲೇ ಶುರುವಾಗುವ ಅರ್ಲಿ ವೋಟಿಂಗ್‌ನ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಿರಿ. ಸಿಟಿಜನ್ ಆದಂದಿನಿಂದ ಒಂದು ಚುನಾವಣೆಯನ್ನೂ ತಪ್ಪಿಸದೆ ಪೋಲ್ ವರ್ಕರ್ ಆಗಿ ಮತಗಟ್ಟೆಯಲ್ಲಿ ಕೂತವರು. ಸೀರೆ ಉಡಲು ಪುರುಸೊತ್ತಿಲ್ಲದೆ, ಕೊರಳಲ್ಲಿ ಬ್ಯಾಡ್ಜ್ ಹಾಗೇ ಇರುವಾಗಲೇ ದೀಪ ಹಚ್ಚಿದಿರಿ. ಈ ಪೆಟ್ಟಿಗೆ ಕೋಡುಬಳೆಯ ಎಲೆಕ್ಷನ್ನಿಗೆ ಎಂದು ನನ್ನ ಆರು ವರ್ಷದ ಮಗಳಿಗೆ ವಿವರಿಸಿ, ಚೀಟಿಗಳ ಕಟ್ಟು ತೆಗೆದು ಒಂದೊಂದೇ ಒಳಗೆ ಹಾಕುತ್ತ ಹೇಳಿದಿರಿ:

"ಬರದೇ ಇರೋರ ವೋಟೂ ನಾನೇ ಹಾಕ್ತೀನಿ ಪುಟ್ಟಿ. ಯಾರಿಗೂ ಮೋಸ ಆಗ್ಬಾರ್ದು ನೋಡು."

ನಾನು ನಿಮ್ಮ ಬೀದಿಯ ವಿನುತಾಳ ಪಕ್ಕದಲ್ಲಿ ನಿಂತು ಫೋನ್ ಹಿಡಿದಿದ್ದೆ. ಎಲ್ಲರೂ ಫೋಟೋಗೆಂದು ಹಿಡಿದಿದ್ದರು. ಆದರೆ ವಿಡಿಯೋ ಹಾಕಿ ಝೂಮ್ ಮಾಡಿದ್ದು ನಾನು — ನಿಮ್ಮ ಮುಖ, ಬ್ಯಾಡ್ಜು, ಕೈ, ಪೆಟ್ಟಿಗೆ ಇಷ್ಟೇ ಕಾಣುವಷ್ಟು. ಆಗ ಮನಸ್ಸಿನಲ್ಲಿ ಏನಿತ್ತು? ಏನೂ ಇರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಇತ್ತು.

ಅದಕ್ಕೆ ಒಂದು ವಾರದ ಹಿಂದೆ ನೀವು ಗ್ರೂಪಿನಲ್ಲಿ ನನ್ನ ಮೆಸೇಜುಗಳನ್ನು ಡಿಲೀಟ್ ಮಾಡಿದ್ದಿರಿ. ನೀವು ಅಡ್ಮಿನ್, ಅದು ನಿಮ್ಮ ಕೆಲಸ. ಆ ದಿನಗಳಲ್ಲಿ ನಮ್ಮ ಮನೆಯ ಟೀವಿ ಚುನಾವಣೆ, ಕಳ್ಳವೋಟು ಎಂದು ಬೆಳಿಗ್ಗೆಯಿಂದ ಒದರುತ್ತಿತ್ತು. ಒಂದು ಚಾನೆಲ್ ಹೇಳಿದ್ದು ಇನ್ನೊಂದರಲ್ಲಿ ಸುಳ್ಳು. ನಾನು ನನಗೆ ಬೇಕಾದ ಚಾನೆಲ್ಲಿನ ತುಣುಕುಗಳನ್ನು ತಂದು ತಂದು ಗ್ರೂಪಿಗೆ ಸುರಿಯುತ್ತಿದ್ದೆ. ಎದುರು ಪಕ್ಷದ ವಿನುತಾ ತನ್ನದನ್ನು ಸುರಿಯುತ್ತಿದ್ದಳು. ನೀವು ಇಬ್ಬರದನ್ನೂ ತೆಗೆದಿರಿ, ನನಗೆ ಮಾತ್ರ ಫೋನ್ ಮಾಡಿ ನಗುತ್ತಾ ಅಂದಿರಿ, ನಿಂಗಿನ್ನೂ ವೋಟೇ ಇಲ್ಲ, ಯಾಕಮ್ಮ ಇಷ್ಟು ಬಿಪಿ ಏರಿಸ್ಕೋತೀಯ ಅಂತ. ಪ್ರೀತಿಯಿಂದಲೇ ಅಂದಿರಿ. ಹತ್ತು ವರ್ಷ ತೆರಿಗೆ ಕಟ್ಟಿ, ವೀಸಾದ ಮೇಲೆ ಉಸಿರು ಬಿಗಿಹಿಡಿದು ಬದುಕುತ್ತಿದ್ದವಳಿಗೆ ಅದು ಚುಚ್ಚಿತು.

ನಾನು ಯಾವ ಪಕ್ಷದವಳಾಗಿದ್ದೆ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ ನನ್ನನ್ನು ಅಲ್ಲೇ ಕ್ಷಮಿಸಿಬಿಡುತ್ತಾರೆ, ಇನ್ನರ್ಧ ಜನ ಮುಂದೆ ಓದುವುದೇ ಇಲ್ಲ.

ಅವತ್ತು ಮನೆಗೆ ಬಂದು ಒಂದೂವರೆ ನಿಮಿಷದ ವಿಡಿಯೋದಿಂದ ಒಂಬತ್ತು ಸೆಕೆಂಡು ಕತ್ತರಿಸಿದೆ. ನಿಮ್ಮ ಮಾತಿಗೆ ಇಂಗ್ಲಿಷಿನಲ್ಲಿ ಅಡಿಬರಹ ಹಾಕಿದೆ. ಅನುವಾದದಲ್ಲಿ ಒಂದು ತಪ್ಪೂ ಇರಲಿಲ್ಲ. ಮೇಲೆ ಒಂದು ಸಾಲು ಸೇರಿಸಿದೆ: ಎಲ್ಲರೂ ಹುಡುಕುತ್ತಿದ್ದ ಕಳ್ಳವೋಟು ಕೊನೆಗೂ ಸಿಕ್ಕಿತು ನೋಡಿ. ರಾಜಕೀಯ ಮಾತಾಡಲೆಂದೇ ಇದ್ದ ಇನ್ನೊಂದು ಗ್ರೂಪಿಗೆ ಕಳಿಸಿದೆ; ಅಲ್ಲಿ ನಾಲ್ಕಾರು ರಾಜ್ಯಗಳ, ನಾನು ಮುಖವನ್ನೇ ನೋಡದ ಜನರಿದ್ದರು. ತಮಾಷೆಗೆ ಕಳಿಸಿದೆ ಎಂದು ಐದು ವರ್ಷ ನನಗೆ ನಾನೇ ಹೇಳಿಕೊಂಡೆ. ಬರೀ ತಮಾಷೆಯಾಗಿದ್ದರೆ ಕೋಡುಬಳೆಯ ಮಾತನ್ನು ಕತ್ತರಿಸುತ್ತಿರಲಿಲ್ಲ.

ಒಂದು ಕಡೆಯವರು ನಕ್ಕರು, ಇನ್ನೊಂದು ಕಡೆಯವರು ನಂಬಿದರು. ಭಾನುವಾರ ಸಂಜೆಯ ಹೊತ್ತಿಗೆ ಅದು ಯಾರದೋ ಪೇಜಿನಲ್ಲಿತ್ತು, ನನ್ನ ಸಾಲು ಹೋಗಿ ಬೇರೆ ಸಾಲು ಬಂದಿತ್ತು. ಸೋಮವಾರ ಒಂದು ಲೋಕಲ್ ಚಾನೆಲ್ ನಿಮ್ಮ ಮುಖಕ್ಕೆ ಕೆಂಪು ವೃತ್ತ ಹಾಕಿ ತೋರಿಸಿತು. ಪೆಟ್ಟಿಗೆಯ ಮೇಲಿನ ಬರಹ ಯಾವ ಭಾಷೆಯದು ಎಂದು ಇಬ್ಬರು ಕೂತು ಗಂಭೀರವಾಗಿ ಚರ್ಚೆ ಮಾಡಿದರು. ನಾನು ಅಡುಗೆಮನೆಯಲ್ಲಿ ಅನ್ನಕ್ಕೆ ನೀರಿಡುತ್ತಾ ಅದನ್ನು ನೋಡಿದೆ. ಟೀವಿಯ ದನಿ ಇಳಿಸಿದೆ.

ಕೌಂಟಿ ಚುನಾವಣಾ ಕಚೇರಿಯವರು ವಿಚಾರಣೆ ಮುಗಿಯುವ ತನಕ ಡ್ಯೂಟಿಗೆ ಬರದೆ ಮನೆಯಲ್ಲಿರಿ ಎಂದರು. ನಿಮ್ಮ ಮನೆಯ ಮುಂದೆ ಪಿಕಪ್ ಟ್ರಕ್ಕುಗಳು ನಿಧಾನ ಮಾಡಿ ಹೋಗತೊಡಗಿದವು. ಒಬ್ಬ ಇಳಿದು ಗ್ಯಾರೇಜಿನ ಬಾಗಿಲಿನ ಮುಂದೆ ನಿಂತು ತನ್ನದೇ ವಿಡಿಯೋ ಮಾಡಿದ. ಸ್ಟಾಂಪಿಲ್ಲದ ಒಂದು ಕಾಗದ ಮೇಲ್‌ಬಾಕ್ಸಿನಲ್ಲಿತ್ತು, ಅದರಲ್ಲಿ ಏನಿತ್ತೆಂದು ಅಂಕಲ್ ಯಾರಿಗೂ ಹೇಳಲಿಲ್ಲ. ಆಮೇಲೆ ಇನ್ನೊಂದು ಕಡೆಯವರು ಬಂದರು — ಹೂವಿನ ಗುಚ್ಛ ಹಿಡಿದು, ನಿಮ್ಮ ಫೋಟೋದ ಪೋಸ್ಟರ್ ಮಾಡಿಸಿಕೊಂಡು, ನಾವು ನಿಮ್ಮ ಜೊತೆ ಇದ್ದೇವೆ ಎನ್ನುತ್ತಾ. ನಿಮ್ಮನ್ನು ಕೇಳದೆಯೇ. ಆ ಹೂವುಗಳನ್ನೂ ನೀವು ಮುಟ್ಟಲು ಹೆದರಿ ಬಾಗಿಲಲ್ಲೇ ಬಿಟ್ಟಿರಂತೆ. ನವರಾತ್ರಿ ಮುಗಿಯುವ ಮೊದಲೇ ಗೊಂಬೆಗಳನ್ನು ಇಳಿಸಿ ಗ್ಯಾರೇಜಿಗೆ ಬೀಗ ಹಾಕಿದಿರಿ.

ಬುಧವಾರ ನಿಮ್ಮ ಫೋನ್ ಬಂತು. ಮಗಳನ್ನು ಹಿಂದೆ ಕೂರಿಸಿಕೊಂಡು ಪಾರ್ಕಿಂಗ್ ಲಾಟಿನಲ್ಲಿದ್ದೆ. ನಿಮ್ಮ ದನಿ ಕಾರಿನ ಸ್ಪೀಕರಿನಲ್ಲಿ ಬಂತು.

"ಸೌಮ್ಯಾ, ಅವತ್ತು ನೀನೂ ಇದ್ಯಲ್ಲ. ಪೂರ್ತಿ ವಿಡಿಯೋ ಏನಾದ್ರೂ ನಿನ್ ಹತ್ರ ಇದ್ಯಾ? ಕೋಡುಬಳೆ ಅಂದಿದ್ದು ಒಂದು ಕೇಳ್ಸಿದ್ರೆ ಸಾಕು ಕಣಮ್ಮ, ಆಫೀಸಿನೋರು ನಂಬ್ತಾರೆ."

"ಇಲ್ಲ ಆಂಟಿ. ನಾನು ಫೋಟೋ ಮಾತ್ರ ತೆಗೆದಿದ್ದು."

ನೀವು ಎರಡನೇ ಸಲ ಕೇಳಲಿಲ್ಲ. ಆಮೇಲೆ ಅಂದಿರಿ: "ಸರಿ ಬಿಡು. ನಿಮ್ದು ಗ್ರೀನ್ ಕಾರ್ಡ್ ಫೈಲ್ ಆಗಿದೆ. ನೀನು ಇದ್ರೊಳಗೆ ಬರ್ಬೇಡ, ಹುಷಾರಾಗಿರು."

ಆಂಟಿ, ಆಗಲೇ ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನನ್ನು — ಈ ವಾಕ್ಯವನ್ನು ಎಷ್ಟೋ ಸಲ ಶುರು ಮಾಡಿದ್ದೇನೆ. ಮುಗಿಸಲು ಆಗುವುದಿಲ್ಲ.

ಹೌದು, ಆ ತಿಂಗಳೇ ನಾವು ಅರ್ಜಿ ಹಾಕಿದ್ದು. ಚುನಾವಣೆ, ವಿಚಾರಣೆ, ಹೇಳಿಕೆ — ಈ ಮಾತುಗಳಲ್ಲಿ ಒಂದಾದರೂ ನನ್ನ ಹೆಸರಿನ ಪಕ್ಕ ಬಂದರೆ ಏನಾಗುತ್ತದೋ ಎಂದು ನನಗೆ ಹೆದರಿಕೆ. ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಮೂವರನ್ನೂ ವಿಮಾನ ಹತ್ತಿಸುತ್ತಾರೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದೆ. ಇದನ್ನು ಕಾರಣವೆಂದು ಬರೆಯುತ್ತಿಲ್ಲ. ನೀವೂ ಹೆದರಿದ್ದಿರಿ, ಆದರೂ ನನ್ನ ಬಗ್ಗೆ ಯೋಚಿಸಿದಿರಿ. ನಾನು ಕಾರಿನಲ್ಲೇ ಕೂತು ಪೂರ್ತಿ ವಿಡಿಯೋ ಅಳಿಸಿದೆ, ಅಳಿಸಿದ್ದು ಉಳಿದುಕೊಳ್ಳುವ ಕಡೆಯಿಂದಲೂ ಅಳಿಸಿದೆ.

ಹಿಂದಿನ ಸೀಟಿನಿಂದ ಮಗಳು ಅಂದಳು, "ಬಟ್ ಅಮ್ಮ, ಯೂ ಟುಕ್ ಇಟ್."

ನಾನು ತಿರುಗಿ ಅವಳ ಕೈ ಹಿಡಿದು, ಇದನ್ನು ಅಪ್ಪನಿಗೂ ಹೇಳಬಾರದು ಎಂದೆ. ಬಿಗಿಯಾಗಿ ಹಿಡಿದಿದ್ದೆ ಅಂತ ಕಾಣುತ್ತದೆ, ಅವಳು ಅಳತೊಡಗಿದಳು. ಅಂದಿನಿಂದ ಇಂದಿನವರೆಗೆ ಅವಳು ನನ್ನೆದುರು ನಿಮ್ಮ ಹೆಸರು ಎತ್ತಿಲ್ಲ.

ವಿಡಿಯೋ ತೆಗೆದ ಜಾಗ ನೋಡಿ ಅಂಕಲ್ ಇದು ವಿನುತಾಳದೇ ಕೆಲಸ ಎಂದು ತೀರ್ಮಾನ ಮಾಡಿದರು. ಅವಳ ಹುಲ್ಲುಹಾಸಿನ ಮೇಲೆ ಪಕ್ಷದ ಬೋರ್ಡ್ ಇತ್ತಲ್ಲ, ಅಷ್ಟು ಸಾಕಾಯಿತು. ಎರಡು ಮನೆ ಆಚೆಗಿದ್ದವಳು, ನಿಮ್ಮ ಮನೆಗೆ ಮೊಸರಿಗೆ ಹೆಪ್ಪು ಕೇಳಲು ಬರುತ್ತಿದ್ದವಳು. ಅವಳು ಅಳುತ್ತಾ ನನಗೆ ಫೋನ್ ಮಾಡಿ, ನೀನಾದರೂ ಹೇಳು, ನಾನು ಅಂಥವಳಾ ಎಂದು ಕೇಳಿದಳು. ನಾನು ಸಮಾಧಾನ ಹೇಳಿದೆ. ಬೇರೆಯವರ ಮೇಲೆ ಬಂತಲ್ಲ ಎಂದು ಅವತ್ತು ನನಗೆ ನಿರಾಳವಾಯಿತು, ಊಟ ಸೇರಿತು. ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿದೆ. ಮರುವರ್ಷ ಅವಳು ಅಟ್ಲಾಂಟಾಕ್ಕೆ ಹೊರಟುಹೋದಳು, ನಿಮಗೆ ಹೇಳದೆ.

ಕಚೇರಿಯವರು ಕನ್ನಡ ಬಲ್ಲವರೊಬ್ಬರಿಂದ ಅನುವಾದ ಮಾಡಿಸಿದರು. ಅವರದೂ ನನ್ನ ಅನುವಾದದ ಹಾಗೆಯೇ ಬಂತು. ಕೊನೆಗೆ ಅಂಕಲ್ ಹೊತ್ತುಕೊಂಡು ಹೋದ ಶೂ ಡಬ್ಬ, ಚೀಟಿಗಳನ್ನು ನೋಡಿ, ಚುನಾವಣೆ ಮುಗಿದು ಎಷ್ಟೋ ದಿನದ ಮೇಲೆ, ತಪ್ಪೇನೂ ಕಂಡುಬಂದಿಲ್ಲ ಎಂದು ಎರಡು ಸಾಲಿನ ಕಾಗದ ಕಳಿಸಿದರು. ಚಾನೆಲ್ ಅದನ್ನು ತೋರಿಸಲಿಲ್ಲ. ನಿಮ್ಮನ್ನು ಮತ್ತೆ ಡ್ಯೂಟಿಗೆ ಯಾರೂ ಕರೆಯಲಿಲ್ಲ.

ನಮಗೆ ಗ್ರೀನ್ ಕಾರ್ಡ್ ಬಂತು. ಮೇರಿಲ್ಯಾಂಡಿಗೆ, ಕ್ಲಾರ್ಕ್ಸ್‌ಬರ್ಗಿಗೆ ಬಂದೆವು. ದೂರವಾದರೆ ಮರೆಯುತ್ತದೆ ಅಂದುಕೊಂಡಿದ್ದೆ. ಇಪ್ಪತ್ತನಾಲ್ಕರಲ್ಲಿ ಮತ್ತೆ ಪ್ರಚಾರ ಶುರುವಾಯಿತು, ಮತ್ತೆ ಅದೇ ಕೆಂಪು ವೃತ್ತಗಳು, ಬೇರೆ ಬೇರೆ ಮುಖಗಳ ಸುತ್ತ. ಟೀವಿ ಆರಿಸಿ ನಿಮಗೆ ಫೋನ್ ಮಾಡಿದೆ — ಹೇಳಿಬಿಡಬೇಕು ಎಂದು. ಹೇಳಲಿಲ್ಲ. ಈ ಸಲ ಗೊಂಬೆ ಕೂರಿಸುತ್ತೀರಾ ಎಂದು ಕೇಳಿದೆ. ಪಟ್ಟದ ಗೊಂಬೆ ಮಾತ್ರ, ಒಳಗಿನ ರೂಮಿನಲ್ಲಿ, ಕಿಟಕಿಯ ಬ್ಲೈಂಡ್ಸ್ ಇಳಿಸಿ ಎಂದಿರಿ. ವೋಟು ಹಾಕುತ್ತೀರಾ ಎಂದೆ. ನೀವು ಇಲ್ಲ ಎಂದಿರಿ.

"ಅಲ್ಲಿ ಹೋದ್ರೆ ಹೆಸರು ಜೋರಾಗಿ ಹೇಳ್ಬೇಕಲ್ಲ ಸೌಮ್ಯಾ. ಸುತ್ತ ಜನ ಇರ್ತಾರೆ. ನಂಗೆ ಬಾಯಿ ಬರಲ್ಲ."

ಆ ಮಾತು ಕೇಳಿಯೂ ಒಂದೂವರೆ ವರ್ಷ ಸುಮ್ಮನಿದ್ದೆ.

ಈಗ ನಾನು ಪೌರತ್ವಕ್ಕೆ ಅರ್ಜಿ ಹಾಕಿದ್ದೇನೆ. ಮುಂದಿನ ತಿಂಗಳು ಇಂಟರ್‌ವ್ಯೂ. ಪಾಸಾದರೆ ನನಗೂ ವೋಟು ಬರುತ್ತದೆ. ಅರ್ಜಿ ತುಂಬಿದ ದಿನದಿಂದ ನಿಮ್ಮ ಆ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ನಿನ್ನೆ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು, ಒಂದು ತಿಂಗಳು ತಡೆದುಕೋ, ಇಂಟರ್‌ವ್ಯೂ ಆದ ಮೇಲೆ ಹೇಳಿದರಾಯಿತು ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ನಾನು ಇದೇ ಲೆಕ್ಕಾಚಾರದಲ್ಲಿ ಐದು ವರ್ಷ ಕಳೆದವಳು — ಒಂದು ತಿಂಗಳಾದ ಮೇಲೆ ನನಗೆ ಇನ್ನೊಂದು ಕಾರಣ ಸಿಗುತ್ತದೆ, ನನ್ನನ್ನು ನಾನು ಬಲ್ಲೆ.

ಇವತ್ತು ಬೆಳಿಗ್ಗೆ ವಿನುತಾಗೆ ಫೋನ್ ಮಾಡಿ ಹೇಳಿದೆ. ಅವಳು ಬಯ್ಯಲಿಲ್ಲ. ಮೊದಲು ಆಂಟಿಗೆ ಹೇಳು ಎಂದು ಫೋನ್ ಇಟ್ಟಳು. ಕೌಂಟಿ ಕಚೇರಿಗೂ ಆ ಚಾನೆಲ್ಲಿಗೂ ನಡೆದದ್ದನ್ನೆಲ್ಲ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ, ಸಹಿ ಮಾಡಿ ಕಳಿಸಿದ್ದೇನೆ. ಅವರು ಏನು ಮಾಡುತ್ತಾರೋ, ನನ್ನ ಅರ್ಜಿಗೆ ಏನಾಗುತ್ತದೋ ಗೊತ್ತಿಲ್ಲ. ಭಯವಾಗುತ್ತಿದೆ. ಮೇಲ್‌ಬಾಕ್ಸ್ ತೆಗೆಯಲು, ಗೊತ್ತಿಲ್ಲದ ನಂಬರಿಗೆ ಹಲೋ ಅನ್ನಲು ಭಯವಾಗುತ್ತಿದೆ. ಒಂದೇ ದಿನಕ್ಕೆ ಹೀಗಾಗಿದೆ.

ಕ್ಷಮಿಸಿ ಎಂದು ಕಾಗದದಲ್ಲಿ ಕೇಳುವುದಿಲ್ಲ. ಶನಿವಾರ ರಾಲಿಗೆ ಡ್ರೈವ್ ಮಾಡಿಕೊಂಡು ಬರುತ್ತೇನೆ. ಹನ್ನೊಂದು ಗಂಟೆಗೆ ನಿಮ್ಮ ಮನೆಯ ಬೆಲ್ ಆದರೆ ಗಾಬರಿಯಾಗಬೇಡಿ, ಬೇರೆ ಯಾರೂ ಅಲ್ಲ, ನಾನೇ. ಬಾಗಿಲು ತೆಗೆಯದಿದ್ದರೂ ಸರಿ ಆಂಟಿ. ಸ್ವಲ್ಪ ಹೊತ್ತು ನಿಂತಿದ್ದು, ಎರಡನೇ ಸಲ ಬೆಲ್ ಒತ್ತದೆ ವಾಪಸ್ ಹೋಗುತ್ತೇನೆ.