ಕತ್ತರಿ ಅಕ್ಕ ಆರಿಸಿದ ಪೆಟ್ಟಿಗೆ

ಅಂಗಡಿಯಲ್ಲಿ ನೋಡಿಟ್ಟ ಎರಡು ಕಂಪ್ಯೂಟರ್ ಪೆಟ್ಟಿಗೆಗಳಲ್ಲಿ ಒಂದರ ಬೆಲೆ ತೊಂಬತ್ತೆಂಟು ಸಾವಿರ. ಇನ್ನೊಂದರದು ಅರವತ್ತೊಂದು. ಕೈಯಲ್ಲಿರುವುದು ತೊಂಬತ್ತೊಂಬತ್ತು. ಅದರಲ್ಲಿ ನಲವತ್ತು ಸಾವಿರ ಎರಡು ಹೊಲಿಗೆ ಯಂತ್ರ ಮಾರಿ ಬಂದದ್ದು, ಮಿಕ್ಕಿದ್ದು ಮೂರು ವರ್ಷ ಕೂಡಿಟ್ಟದ್ದು. ಲೆಕ್ಕ ಬರೆದ ಚೀಟಿ ಹಳೆಯ ಕಂಪ್ಯೂಟರಿನ ಅಂಚಿಗೆ ಅಂಟಿದೆ.

ಬೆಳಗಿನ ಐದು ಗಂಟೆ. ಅಡುಗೆಮನೆಗೆ ತಾಗಿದ ಚಿಕ್ಕ ಕೋಣೆಯಲ್ಲಿ, ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿರುವವರನ್ನು ಬೀದಿಯವರೆಲ್ಲ ಕತ್ತರಿ ಅಕ್ಕ ಎನ್ನುತ್ತಾರೆ. ಹೊಲಿಗೆ ಕೆಲಸ ಮಾಡುತ್ತಿದ್ದಾಗ ಬಂದ ಹೆಸರು, ಈಗ ವಿಡಿಯೊ ಕತ್ತರಿಸುವಾಗಲೂ ಹಾಗೇ ಉಳಿದಿದೆ. ಅವರು ಒಂದು ಕೀ ಒತ್ತುತ್ತಾರೆ. ಪರದೆಯ ಮೇಲೆ ಮುದುಕರೊಬ್ಬರು ಮೊಣಕೈ ಎತ್ತುತ್ತಾ ಅರ್ಧಕ್ಕೇ ನಿಂತುಬಿಡುತ್ತಾರೆ. ಎರಡು ಉಸಿರಿನಷ್ಟು ಹೊತ್ತು ಕಾದ ಮೇಲೆ ಚಿತ್ರ ಜಿಗಿದು ಮುಂದೆ ಹೋಗುತ್ತದೆ. ಕತ್ತರಿಸಬೇಕಾದ ಜಾಗ ಆಗಲೇ ದಾಟಿಹೋಗಿದೆ. ಅವರು ಬೈಯುವುದಿಲ್ಲ, ಹಿಂದಕ್ಕೆ ಹೋಗಿ ಮತ್ತೆ ಒತ್ತುತ್ತಾರೆ.

ಬೆನ್ನ ಹಿಂದೆ ಅತ್ತೆ ಕಾಫಿ ಲೋಟ ಹಿಡಿದು ಕೂತಿದ್ದಾರೆ. ಎಲ್ಲ ವಿಡಿಯೊಗಳಿಗೂ ಮೊದಲ ಪ್ರೇಕ್ಷಕಿ ಅವರೇ. ಅವರು ಆಕಳಿಸಿದ ಕಡೆಯೆಲ್ಲ ಕತ್ತರಿಸಲೆಂದು ಸೊಸೆ ಗುರುತು ಹಾಕಿಕೊಳ್ಳುತ್ತಾರೆ. “ನಮ್ಮತ್ತೆ ಆಕಳಿಕೆಗೆ ಯಾವ ಮುಲಾಜೂ ಇಲ್ಲ” ಎನ್ನುತ್ತಾರೆ ಸೊಸೆ. ಅತ್ತೆ ಬಿಟ್ಟುಕೊಡುವವರಲ್ಲ: “ನೀನು ಚೆನ್ನಾಗಿ ಮಾಡಿದ್ರೆ ನಾನ್ಯಾಕೆ ಆಕಳಿಸ್ಲಿ?”

ಇಪ್ಪತ್ತೆರಡು ವರ್ಷ ಕತ್ತರಿ ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲೂ ಮನೆಯಲ್ಲೂ ಬಟ್ಟೆ ಕತ್ತರಿಸಿದವರು. ಹೆಬ್ಬೆರಳಿನ ಕೀಲು ಹಿಡಿದುಕೊಂಡಾಗ ಕತ್ತರಿ ಕೆಳಗಿಡಬೇಕಾಯಿತು. ಅದೇ ಸಮಯಕ್ಕೆ ನಾದಿನಿ ತನ್ನ ಮದುವೆಯ ಐದು ಗಂಟೆಯ ವಿಡಿಯೊ ತಂದು, ನೋಡುವವರಿಗೆ ನಿದ್ದೆ ಬರುತ್ತಿದೆ, ಏನಾದರೂ ಮಾಡು ಎಂದು ಗೋಗರೆದಳು. ಮಾಡುತ್ತ ಮಾಡುತ್ತ ಕೆಲಸ ಕೈಗೆ ಹತ್ತಿತು. ನಂತರ ಬೀಳ್ಕೊಡುಗೆ, ಶಾಲೆಯ ನಾಟಕ, ಹುಟ್ಟುಹಬ್ಬ. ಒಂದು ಬಂದರೆ ಅದರ ಬಾಲ ಹಿಡಿದು ಇನ್ನೊಂದು.

ಹಳೆಯ ಕಂಪ್ಯೂಟರಿಗೆ ದೊಡ್ಡ ವಿಡಿಯೊ ಎಳೆಯುವ ತಾಕತ್ತಿಲ್ಲ. ಹಾಗಾಗಿ ಮೊದಲು ಪ್ರತಿಯೊಂದಕ್ಕೂ ಮಸುಕಾದ, ಹಗುರವಾದ ನಕಲು ಮಾಡಿಕೊಳ್ಳುತ್ತಾರೆ. ಆ ನಕಲಿನ ಮೇಲೆ ಕತ್ತರಿಸಿ, ಕೊನೆಗೆ ಅದೇ ಕತ್ತರಿಯ ಗುರುತುಗಳನ್ನು ಮೂಲಕ್ಕೆ ಜೋಡಿಸುತ್ತಾರೆ. ಹೋದ ವರ್ಷ ಡಿಸ್ಕಿನಲ್ಲಿ ಜಾಗ ಸಾಲದೆ ನಕಲುಗಳನ್ನು ಅಳಿಸಲು ಹೋಗಿ ಮೂಲಗಳನ್ನೇ ಅಳಿಸಿಬಿಟ್ಟರು. ಮುಖ್ಯೋಪಾಧ್ಯಾಯಿನಿಯೊಬ್ಬರ ನಿವೃತ್ತಿಯ ದಿನದ ಚಿತ್ರ ಅದು. ಸಭಾಂಗಣದ ದೊಡ್ಡ ಪರದೆಯ ಮೇಲೆ ಎಲ್ಲರ ಮುಖವೂ ಹಿಟ್ಟು ಮೆತ್ತಿದಂತೆ ಕಂಡಿತು. ಕೂಲಿ ವಾಪಸು ಕೊಟ್ಟರು, ಚಿತ್ರ ಮಾತ್ರ ವಾಪಸು ಬರಲಿಲ್ಲ. “ಆ ಟೀಚರಮ್ಮ ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ಎಷ್ಟೋ ಹಗುರಾಗ್ತಿತ್ತು” ಎನ್ನುತ್ತಾರೆ.

ಈಗ ಬಂದಿರುವ ಕೆಲಸ ಇನ್ನೂ ದೊಡ್ಡದು. ಪಾರ್ಶ್ವವಾಯು ಹೊಡೆದವರು ಮನೆಯಲ್ಲೇ ಮಾಡಬೇಕಾದ ವ್ಯಾಯಾಮದ ನಲವತ್ತು ಪಾಠಗಳು. ವ್ಯಾಯಾಮದ ಡಾಕ್ಟರಮ್ಮ ಪ್ರತಿ ಪಾಠವನ್ನೂ ಎರಡು ಕ್ಯಾಮೆರಾದಲ್ಲಿ ಹಿಡಿದಿದ್ದಾರೆ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಪಾಠವೊಂದಕ್ಕೆ ನೂರು ನಿಮಿಷದ ಚಿತ್ರ, ಅದು ಎಂಟು ನಿಮಿಷಕ್ಕೆ ಇಳಿಯಬೇಕು. ಗಡುವು ಹತ್ತು ವಾರ. ವಾರಕ್ಕೆ ಸರಾಸರಿ ನಾಲ್ಕು ಮುಗಿಯದಿದ್ದರೆ ಕೆಲಸ ಸ್ಟುಡಿಯೊಗೆ ಹೋಗುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಒಂದೂವರೆ ಮುಗಿದರೆ ಹೆಚ್ಚು. ಹೊಸದನ್ನು ಕೊಳ್ಳಲೇಬೇಕು, ಒಂದೇ ಸಲ ಕೊಳ್ಳಲು ಸಾಧ್ಯ. ತಪ್ಪು ಪೆಟ್ಟಿಗೆ ಮನೆಗೆ ಬಂದರೆ ಕೆಲಸವೂ ಇಲ್ಲ, ಹೊಲಿಗೆಯೂ ಇಲ್ಲ.

ಲಿಫ್ಟ್ ರಿಪೇರಿ ಮಾಡುವ ಗಂಡನಿಗೆ ಇದರಲ್ಲಿ ಅನುಮಾನವೇ ಇಲ್ಲ. ದುಬಾರಿಯದೇ ತೆಗೆದುಕೋ, ಅಗ್ಗದ ಹಗ್ಗ ಕಟ್ಟಿದ ಲಿಫ್ಟ್ ಏನಾಗುತ್ತದೆ ಎಂದು ನಾನು ದಿನಾ ನೋಡುತ್ತೇನೆ ಎಂಬುದು ಅವರ ವಾದ. ಅಂಗಡಿಯಾತನೂ ಅದೇ ಹಾಡು ಹಾಡುತ್ತಾನೆ. ತೊಂಬತ್ತೆಂಟು ಸಾವಿರದ ಪೆಟ್ಟಿಗೆಗೆ ಗಾಜಿನ ಬದಿ, ಒಳಗೆ ಬಣ್ಣದ ದೀಪ, ವಿಡಿಯೊ ಗೇಮ್ ಆಡುವವರು ಮುಗಿಬೀಳುವ ದೊಡ್ಡ ಗ್ರಾಫಿಕ್ಸ್ ಕಾರ್ಡು. ಅದರಲ್ಲಿ ಕಾರುಗಳ ಪಂದ್ಯ ಓಡಿಸಿ ತೋರಿಸುತ್ತಾನೆ, ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಗುತ್ತದೆ. ಅರವತ್ತೊಂದರದು ಮೂಲೆಯಲ್ಲಿ ಕಪ್ಪಗೆ, ಮುಖ ಊದಿಸಿಕೊಂಡು ಕೂತಿದೆ.

ಕತ್ತರಿ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಚೀಲದಿಂದ ಪೆನ್‌ಡ್ರೈವ್ ತೆಗೆಯುತ್ತಾರೆ. ಮುದುಕರು ಮೊಣಕೈ ಎತ್ತುವ ಅದೇ ಪಾಠ, ಎರಡೂ ಕ್ಯಾಮೆರಾದ್ದು. “ನಿಮ್ಮ ಕಾರು ಓಡ್ಲಿ ಬಿಡಿ ಅಣ್ಣ. ನಂಗೆ ನಮ್ಮ ತಾತ ಓಡ್ಬೇಕು.”

ಅಂಗಡಿಯಾತ ನಗುತ್ತಾನೆ, ಗಡಿಯಾರ ನೋಡುತ್ತಾನೆ, ಕೊನೆಗೆ ಸ್ಟೂಲು ತಂದು ಕೊಡುತ್ತಾನೆ. ಒಂದೂವರೆ ಗಂಟೆ ಇವರು ಅಲ್ಲಿಂದ ಅಲುಗುವುದಿಲ್ಲ. ದುಬಾರಿ ಪೆಟ್ಟಿಗೆಯಲ್ಲಿ ಎರಡು ಚಿತ್ರ ಒಟ್ಟಿಗೆ ಹಾಕಿ ಕತ್ತರಿಸಲು ಹೋದಾಗ ಕೈ ಒಂದು ಕಡೆ, ಚಿತ್ರ ಒಂದು ಕಡೆ. ಕಪ್ಪು ಪೆಟ್ಟಿಗೆಯಲ್ಲಿ ಕೈ ಇಟ್ಟಲ್ಲಿ ಚಿತ್ರ ನಿಲ್ಲುತ್ತದೆ. ಡಾಕ್ಟರಮ್ಮನ ಕ್ಯಾಮೆರಾ ಚಿತ್ರವನ್ನು ಬಿಗಿಯಾಗಿ ಮಡಿಸಿ ಇಡುವ ಜಾತಿಯದು. ಆ ಮಡಿಕೆ ಬಿಚ್ಚುವ ಸೌಲಭ್ಯ ಕಪ್ಪು ಪೆಟ್ಟಿಗೆಯ ಪ್ರೊಸೆಸರಿನಲ್ಲಿದೆ, ದೊಡ್ಡ ಕಾರ್ಡಿಗೆ ಅದು ಬರುವುದಿಲ್ಲ. ಮೆಮೊರಿಯೂ ಇದರಲ್ಲೇ ದುಪ್ಪಟ್ಟು.

ಅಂಗಡಿಯಾತ ಕೊನೆಯ ಅಸ್ತ್ರ ತೆಗೆಯುತ್ತಾನೆ. ಮುಗಿದ ಪಾಠವನ್ನು ಕಡತವಾಗಿ ಹೊರಗೆ ತೆಗೆಯಲು ದುಬಾರಿಯದಕ್ಕೆ ಹನ್ನೊಂದು ನಿಮಿಷ, ಇದಕ್ಕೆ ಹದಿನೇಳು. ಅದು ಸುಳ್ಳಲ್ಲ, ಇವರೇ ಎರಡರಲ್ಲೂ ಹಾಕಿ ನೋಡುತ್ತಾರೆ. ಜೊತೆಗೆ ಬಂದಿರುವ ಗಂಡ ‘ನೋಡಿದೆಯಾ, ನಾನು ಹೇಳಲಿಲ್ಲವೇ’ ಎಂಬಂತೆ ಹುಬ್ಬೇರಿಸುತ್ತಾರೆ.

“ಆ ಹದಿನೇಳು ನಿಮಿಷ ಅದು ಬೇಯ್ತಾ ಇರುತ್ತೆ, ನಾನು ಬಟ್ಟೆ ಒಗೆದು ಹಾಕ್ತೀನಿ” ಎನ್ನುತ್ತಾರೆ ಕತ್ತರಿ ಅಕ್ಕ. “ಕತ್ತರಿಸೋ ಆರು ಗಂಟೆ ಮಾತ್ರ ನಾನೇ ಕೂತಿರ್ಬೇಕು. ನನ್ನ ಹೊತ್ತು ಉಳಿಸೋದು ಕೊಡಿ. ಅದರ ಹೊತ್ತು ಅದಿರ್ಲಿ.”

ಕಪ್ಪು ಪೆಟ್ಟಿಗೆಯೇ ಮನೆಗೆ ಬರುತ್ತದೆ. ಉಳಿದ ದುಡ್ಡಿನಲ್ಲಿ ಎರಡು ದೊಡ್ಡ ಡಿಸ್ಕು. ಪ್ರತಿ ಮೂಲ ಚಿತ್ರವೂ ಎರಡು ಕಡೆ ಇರುತ್ತದೆ, ಅಳಿಸುವ ಮುನ್ನ ಅತ್ತೆಯನ್ನು ಕರೆದು ಕಡತದ ಹೆಸರು ಗಟ್ಟಿಯಾಗಿ ಓದಿಸುತ್ತಾರೆ. ಈಗ ನಾಲ್ಕೂವರೆಗೆ ಏಳುವುದು, ಬೀದಿಯ ಗಲಾಟೆ ಶುರುವಾಗುವ ಮುನ್ನ ದನಿ ಸರಿಪಡಿಸುವುದು, ಹತ್ತೂವರೆಯ ಒಳಗೆ ಪಾಠವೊಂದರ ಇನ್ನೂರಕ್ಕೂ ಹೆಚ್ಚು ಕತ್ತರಿ ಮುಗಿಸುವುದು. ಮೊದಲ ವಾರ ಮೂರೇ ಪಾಠ ಆದರೂ, ಮೂರನೇ ವಾರದಿಂದ ಐದಕ್ಕಿಂತ ಕಡಿಮೆ ಆದದ್ದಿಲ್ಲ.

ಹದಿನೇಳನೇ ಪಾಠದ ಬಗ್ಗೆ ಡಾಕ್ಟರಮ್ಮ ಫೋನಿನಲ್ಲಿ ಒಂದು ಸುದ್ದಿ ಹೇಳಿದ್ದಾರೆ. ನಿವೃತ್ತ ಅಂಚೆಯವರೊಬ್ಬರು ಅದನ್ನು ನೋಡಿ ನೋಡಿ, ಕುರ್ಚಿಯಿಂದ ತಾವೇ ಎದ್ದು ನಿಂತರಂತೆ. ಅದರ ಬಗ್ಗೆ ಕೇಳಿದರೆ ಕತ್ತರಿ ಅಕ್ಕ ಹೇಳುವುದಿಷ್ಟು:

“ಎದ್ದಿದ್ದು ಅವ್ರ ಕಷ್ಟದಿಂದ. ಆ ಪಾಠದಲ್ಲಿ ಒಂದು ಕಡೆ ಕಾಲು ಊರೋದಕ್ಕೆ ಪೂರ್ತಿ ಅರ್ಧ ನಿಮಿಷ ಹಿಡಿಯುತ್ತೆ. ಅತ್ತೆ ಎರಡು ಸಲ ಆಕಳಿಸಿದ್ರು. ನಾನು ಅಲ್ಲಿ ಕತ್ತರಿ ಹಾಕ್ಲಿಲ್ಲ. ನೋಡ್ಕೊಂಡು ಮಾಡೋವ್ರಿಗೂ ಅಷ್ಟೇ ಹೊತ್ತು ಬೇಕಲ್ವಾ.”

ಗಡುವಿಗೆ ಒಂದು ವಾರ ಮೊದಲೇ ನಲವತ್ತೂ ಪಾಠಗಳು ತಲುಪಿವೆ. ಮುಂದಿನ ನಲವತ್ತೂ ಅವರಿಗೇ ಬಂದಿವೆ.