ಅಮ್ಮ ಕಣ್ಣು ಬರೆಯದ ಗೋಡೆ

ಅಮ್ಮ ಚಿತ್ರ ಬರೆಯುವುದನ್ನು ಯಾರಿಂದಲೂ ಕಲಿತವಳಲ್ಲ. ಕಾಗದನಗರದಲ್ಲಿ ಅಪ್ಪನಿಗೆ ಕಾಗದದ ಮಿಲ್ಲಿನವರು ಕೊಟ್ಟಿದ್ದ ಕ್ವಾರ್ಟರ್ಸಿನ ಒಳಗೋಡೆಗಳ ಮೇಲೆ ಕೆಮ್ಮಣ್ಣು, ಇದ್ದಿಲು, ಅರಿಶಿನದಲ್ಲಿ ಬರೆಯುತ್ತಿದ್ದಳು. ಭದ್ರಾ ಹೊಳೆಯ ನೀರಿನಡಿ ಒಂದು ಊರಿದೆ, ಅಲ್ಲಿನ ಹೆಂಗಸರು ಕನಸಿನಲ್ಲಿ ಬಂದು ತಮ್ಮನ್ನು ಬರೆಯಲು ಹೇಳುತ್ತಾರೆ ಎಂದು ನಂಬಿದ್ದಳು. ಅಪ್ಪ ಮಿಲ್ಲಿನಿಂದ ಕಾಗದ ತಂದುಕೊಟ್ಟರೆ ಅದನ್ನು ಅಡುಗೆ ಡಬ್ಬಿಗಳ ಕೆಳಗೆ ಹಾಸುತ್ತಿದ್ದಳು. ಆ ಹೆಂಗಸರಿಗೆ ನಿಲ್ಲಲು ಗೋಡೆಯೇ ಬೇಕಂತೆ.

ಯಾರಿಗೂ ಕಣ್ಣು ಮಾತ್ರ ಬರೆಯುತ್ತಿರಲಿಲ್ಲ. ಕಣ್ಣು ಬರೆದರೆ ಜೀವ ಬರುತ್ತದೆ, ಆಮೇಲೆ ಅಳಿಸುವ ಹಾಗಿಲ್ಲ, ಕ್ವಾರ್ಟರ್ಸ್ ನಮ್ಮದಲ್ಲವಲ್ಲ ಎನ್ನುತ್ತಿದ್ದಳು.

ನನಗೋ ನಾಚಿಕೆ. ಗೆಳತಿಯರು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ. ಏಳನೇ ಕ್ಲಾಸಿನಲ್ಲಿದ್ದಾಗ ಒಬ್ಬಳು ಒಳಗೇ ನುಗ್ಗಿ, ನಿಮ್ಮನೆ ತುಂಬ ಕುರುಡಿಯರು ಎಂದು ನಕ್ಕಳು. ಆ ಸಿಟ್ಟಿಗೆ ಅಡುಗೆಮನೆ ಬಾಗಿಲ ಪಕ್ಕದ ಹೆಂಗಸಿಗೆ ಪೆನ್ಸಿಲಿನಿಂದ ಎರಡು ಕಣ್ಣು ಗೀಚಿಬಿಟ್ಟೆ. ಒಂದು ದೊಡ್ಡದು, ಒಂದು ಸಣ್ಣದು. ಅಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಆಮೇಲೆ ದಿನಾ ಒಲೆ ಹಚ್ಚುವ ಮೊದಲು ಆ ಹೆಂಗಸಿಗೆ ಕುಂಕುಮ ಇಡತೊಡಗಿದಳು.

ಅಪ್ಪ ತೀರಿಕೊಂಡ ಮೇಲೆ ಮನೆ ಬಿಡಬೇಕಾಯಿತು. ಗೋಡೆಗೆ ಸುಣ್ಣ ಹೊಡೆದೇ ಬೀಗದಕೈ ಒಪ್ಪಿಸಬೇಕು. ಮದುವೆಯಾಗಿ ಶಿವಮೊಗ್ಗ ಸೇರಿದ್ದ ನಾನು ಅಮ್ಮನನ್ನು ಕರೆದೊಯ್ಯಲು ಬಂದೆ. ಅಷ್ಟು ವರ್ಷ ಚಿತ್ರಗಳನ್ನು ಬಚ್ಚಿಟ್ಟವಳು ಈಗ ಫೋಟೋ ತೆಗೆಯಲು ಹೊರಟೆ. ಫೋನಿನೊಳಗೆ ಅವರು ಎಲ್ಲಿ ನಿಲ್ಲುತ್ತಾರೆ ಎಂದು ಅಮ್ಮ ತಡೆದಳು. ಸುಣ್ಣದವನನ್ನೂ ವಾಪಸ್ಸು ಕಳಿಸಿ, ತಾನೇ ಬ್ರಷ್ ಹಿಡಿದು ಒಬ್ಬೊಬ್ಬರನ್ನೇ ಮುಚ್ಚುತ್ತ ಬಂದಳು. ಅಡುಗೆಮನೆ ಬಾಗಿಲ ಹತ್ತಿರ ಅವಳ ಕೈ ನಿಂತಿತು.

"ಇವಳು ನೋಡ್ತಿದಾಳೆ ಮಾರಾಯ್ತಿ, ನನ್ ಕೈಲಿ ಆಗಲ್ಲ. ಕಣ್ಣು ಕೊಟ್ಟೋಳು ನೀನು, ನೀನೇ ಮುಚ್ಚು."

ಇವಳೊಬ್ಬಳು ಇದ್ದುಕೊಳ್ಳಲಿ, ಯಾರು ಏನಂದರೂ ನಾನು ನೋಡಿಕೊಳ್ಳುತ್ತೇನೆ ಎಂದೆ.

"ಬೇಡ. ಎಲ್ಲರೂ ಹೋದ್ಮೇಲೆ ಖಾಲಿ ಮನೆ ನೋಡ್ಕೊಂಡು ಒಬ್ಬಳೇ ಹೇಗಿರ್ತಾಳೆ?"

ಬ್ರಷ್ ಅದ್ದಿದೆ. ಅಪ್ಪ ಹೋದ ದಿನವೂ ನನಗೆ ಅಷ್ಟು ಅಳು ಬಂದಿರಲಿಲ್ಲ. ಎಳೆದ ಮೇಲೆ ನೋಡಿದರೆ ಏನೂ ಮುಚ್ಚಿರಲಿಲ್ಲ. ಸುಣ್ಣ ಒಣಗಿದ ಮೇಲೇ ಬೆಳ್ಳಗಾಗುವುದು ಎಂದು ಅಮ್ಮ ಹೇಳಿದಳು. ಹಸಿ ಸುಣ್ಣದೊಳಗಿಂದ ನನ್ನ ಪೆನ್ಸಿಲಿನ ಆ ದೊಡ್ಡ ಕಣ್ಣು, ಸಣ್ಣ ಕಣ್ಣು ನಮ್ಮನ್ನೇ ನೋಡುತ್ತಿದ್ದವು. ಅಮ್ಮ ನೆಲದ ಮೇಲೆ ಕೂತಳು, ನಾನೂ ಕೂತೆ. ಅವು ಕಾಣದಾಗುವವರೆಗೂ ಇಬ್ಬರೂ ಏಳಲಿಲ್ಲ.